ಹೆಸರು ಕಳಚಿಟ್ಟ ಕಾರುಗಳು

ಬೆಂಗಳೂರಿನ ದೀಪಾಂಜಲಿ ನಗರದ ಒಳರಸ್ತೆಗಳಲ್ಲಿ ಮನೆಗಳ ಮುಂದೆ ಸಾಲಾಗಿ ನಿಂತ ಕಾರುಗಳನ್ನು ಹಿಂಬದಿಯಿಂದ ಗಮನಿಸುತ್ತ ನಡೆದರೆ ಒಂದು ವಿಚಿತ್ರ ಕಾಣುತ್ತದೆ. ಕೆಲವು ಡಿಕ್ಕಿಗಳ ಮೇಲೆ ಕಂಪನಿಯ ಲೋಗೋ ಮಾತ್ರ ಇದೆ, ಮಾಡೆಲ್ಲಿನ ಹೆಸರಿಲ್ಲ. ಕೆಲವುಗಳಲ್ಲಿ ಎರಡೂ ಇಲ್ಲ. 2021ಕ್ಕೂ ಮೊದಲು ಕೊಂಡ ಮಹೀಂದ್ರಾ ಗಾಡಿಯ ಮೂತಿಯಲ್ಲಿ ಆ ವರ್ಷವಷ್ಟೇ ಬಂದ ಹೊಸ ಲಾಂಛನ ಕೂತಿದೆ. ಬೇಸ್ ಮಾಡೆಲ್ ಸ್ವಿಫ್ಟ್ ಒಂದು ಟಾಪ್ ಎಂಡ್ ಅಕ್ಷರಗಳನ್ನು ತೊಟ್ಟಿದೆ. ಲಕ್ಷಗಟ್ಟಲೆ ಹಣ ಕೊಟ್ಟು, ವರ್ಷಗಟ್ಟಲೆ ಕಂತು ಕಟ್ಟಿ ಕೊಂಡ ವಾಹನದ ಹೆಸರನ್ನು ಮಾಲೀಕರೇ ಏಕೆ ಕಳಚುತ್ತಾರೆ? ಬೇರೆ ಹೆಸರನ್ನು ಏಕೆ ಅಂಟಿಸುತ್ತಾರೆ? ಅಲಂಕಾರ, ಅಂತಸ್ತು, ಭಯ, ಭಕ್ತಿ, ವ್ಯಾಪಾರ, ಕಾನೂನು ಎಲ್ಲವೂ ಈ ಪ್ರಶ್ನೆಯೊಳಗೆ ಸೇರಿಕೊಂಡಿವೆ. ಹಾಗಾಗಿ ಅವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಈ ಬಡಾವಣೆಯಿಂದ ಮಾತು ಆರಂಭಿಸಲು ಕಾರಣವಿದೆ. ದೀಪಾಂಜಲಿ ನಗರ ಮೈಸೂರು ರಸ್ತೆಯ ಮಗ್ಗುಲಿಗಿದೆ. ಬಿಎಚ್‌ಇಎಲ್ ಕಾರ್ಖಾನೆ, ಬಿಎಂಟಿಸಿ ಡಿಪೊ, ನಾಯಂಡಹಳ್ಳಿಯ ಗ್ಯಾರೇಜುಗಳು ಎಲ್ಲವೂ ಹತ್ತಿರ. 2015ರ ನವೆಂಬರ್‌ನಲ್ಲಿ ಮೆಟ್ರೊ ಬಂದ ಮೇಲೂ ಇಲ್ಲಿನ ಮನೆಗಳ ಮುಂದೆ ಕಾರುಗಳು ಕಡಿಮೆಯಾಗಲಿಲ್ಲ. ಅದೇ ಮೈಸೂರು ರಸ್ತೆ ಹಿಡಿದು ಸುಮಾರು 25 ಕಿಲೋಮೀಟರ್ ಹೋದರೆ ಬಿಡದಿ ಸಿಗುತ್ತದೆ. ಕಾರಿನ ಹೆಸರಿಗೂ ಕಾರಿಗೂ ಇರುವ ನಂಟು ಎಷ್ಟು ಸಡಿಲ ಎಂಬುದಕ್ಕೆ ದೇಶದಲ್ಲೇ ಸ್ಪಷ್ಟವಾದ ಸಾಕ್ಷಿ ಅಲ್ಲಿದೆ.

ಕಂಪನಿಗಳೇ ತೋರಿದ ದಾರಿ

ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ದ ಆರಂಭದಲ್ಲಿ ಕ್ವಾಲಿಸ್ ಹೊರಬಂತು. ಆಮೇಲೆ ಇನ್ನೋವಾ ಬಂದು ಕರ್ನಾಟಕದ ರಸ್ತೆಗಳನ್ನೇ ಆಳಿತು. 2018ರಲ್ಲಿ ಟೊಯೋಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರ ವಾಹನ ಪೂರೈಸುವ ಒಪ್ಪಂದಕ್ಕೆ ಬಂದವು. 2019ರ ಜೂನ್‌ನಲ್ಲಿ ಮಾರುತಿಯ ಬಲೆನೊ ಕಾರೇ ಟೊಯೋಟಾ ಲೋಗೋ ತೊಟ್ಟು ಗ್ಲಾನ್ಜಾ ಆಯಿತು. ಬ್ರೆಜಾ ಅರ್ಬನ್ ಕ್ರೂಸರ್ ಆಯಿತು, ಎರ್ಟಿಗಾ ರೂಮಿಯನ್ ಆಯಿತು, ಫ್ರಾಂಕ್ಸ್ ಟೈಸರ್ ಆಯಿತು. ವ್ಯವಹಾರ ಎದುರು ದಿಕ್ಕಿನಲ್ಲೂ ನಡೆಯಿತು. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾ ತಯಾರಾದದ್ದು ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ, ಅದರ ಜೋಡಿ ಕಾರು ಹೈರೈಡರ್ ಜೊತೆಗೆ. 2023ರ ಜುಲೈನಲ್ಲಿ ಇನ್ನೋವಾ ಹೈಕ್ರಾಸ್ ಮಾರುತಿಯ ಅಂಗಡಿಯಲ್ಲಿ ಇನ್ವಿಕ್ಟೋ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಒಂದೇ ಛಾವಣಿಯಡಿ ಜೋಡಿಸಿದ ಯಂತ್ರಗಳು ಗ್ರಿಲ್ಲು, ಬಂಪರು, ಲಾಂಛನ ಬೇರೆಯಾದ ಮಾತ್ರಕ್ಕೆ ಎರಡು ಕಂಪನಿಗಳ ಕಾರುಗಳಾಗುತ್ತವೆ.

ಇದು ಹೊಸ ಪರಿಪಾಠವೂ ಅಲ್ಲ. ನಮ್ಮ ಅಂಬಾಸಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಫಿಯಟ್ 1100 ಎಂದು ಶುರುವಾದ ಕಾರು 1974ರಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಆದರೂ ಬೆಂಗಳೂರಿನ ಹಿರಿಯರು ಕೊನೆಯವರೆಗೂ ಅದನ್ನು ಫಿಯಟ್ ಎಂದೇ ಕರೆದರು. ರೆನೊ ಡಸ್ಟರ್ ನಿಸಾನ್ ಟೆರಾನೊ ಆಯಿತು. ಫೋಕ್ಸ್‌ವ್ಯಾಗನ್ ವೆಂಟೊ ಮತ್ತು ಸ್ಕೋಡಾ ರ‍್ಯಾಪಿಡ್ ಒಂದೇ ಬಸಿರಿನವು. ರೆನೊ ಪಾಲುದಾರಿಕೆ ಬಿಟ್ಟ ಮೇಲೆ ಮಹೀಂದ್ರಾ ಲೋಗನ್ 2011ರಲ್ಲಿ ವೆರಿಟೊ ಆಯಿತು. ಬೆಂಗಳೂರಿನ ಹೆಮ್ಮೆಯ ರೇವಾ ಎಲೆಕ್ಟ್ರಿಕ್ ಕಾರು 2001ರಲ್ಲಿ ಇಲ್ಲಿ ರಸ್ತೆಗಿಳಿಯಿತು. ಲಂಡನ್ನಿನಲ್ಲಿ ಅದು ಓಡಾಡಿದ್ದು ಜಿ-ವಿಜ್ ಎಂಬ ಹೆಸರಿನಲ್ಲಿ. 2010ರಲ್ಲಿ ಅದನ್ನು ಕೊಂಡ ಮಹೀಂದ್ರಾ ಮುಂದಿನ ಎಲೆಕ್ಟ್ರಿಕ್ ಕಾರಿಗೆ ಬೆಂಗಳೂರಿನ ಬೊಮ್ಮಸಂದ್ರದಲ್ಲಿ ಕಾರ್ಖಾನೆ ಕಟ್ಟಿತು.

ಕಂಪನಿಗಳು ಹೆಸರನ್ನು ಕಿತ್ತು ಹಾಕಿದ ನಿದರ್ಶನಗಳೂ ಇವೆ. ಟಾಟಾದ ಹೊಸ ಕಾರಿಗೆ ಝಿಕಾ ಎಂದು ಹೆಸರಿಟ್ಟು ಪ್ರಚಾರ ನಡೆದಿದ್ದಾಗಲೇ ಜಗತ್ತಿನಲ್ಲಿ ಝಿಕಾ ವೈರಸ್ ಭೀತಿ ಹಬ್ಬಿತು. 2016ರ ಫೆಬ್ರುವರಿಯಲ್ಲಿ ಆ ಕಾರು ಟಿಯಾಗೊ ಆಯಿತು. 2024ರ ಡಿಸೆಂಬರ್‌ನಲ್ಲಿ ಇಂಡಿಗೊ ವಿಮಾನ ಸಂಸ್ಥೆ ತನ್ನ ‘6ಇ’ ಗುರುತಿಗಾಗಿ ನ್ಯಾಯಾಲಯಕ್ಕೆ ಹೋದಾಗ ಮಹೀಂದ್ರಾ ಬಿಇ 6ಇ ಎಂಬ ಕಾರನ್ನು ಬಿಇ 6 ಎಂದು ಬದಲಿಸಿತು. ತಯಾರಕರೇ ಇಷ್ಟು ಸರಾಗವಾಗಿ ಹೆಸರು ಬದಲಿಸುವಾಗ ಗ್ರಾಹಕನ ಮನಸ್ಸಿನಲ್ಲಿ ಲೋಗೋ ಪವಿತ್ರವಾಗಿ ಉಳಿಯುವುದು ಕಷ್ಟ.

ಆದರೆ ಲಾಂಛನದ ಹಿಂದೆ ಗಟ್ಟಿ ಪದಾರ್ಥವೂ ಇದೆ ಎಂಬುದನ್ನು ಮರೆಯಬಾರದು. ಗ್ಲಾನ್ಜಾ ಬಂದಾಗ ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್ ವಾರಂಟಿ ಕೊಟ್ಟಿತು. ಬಲೆನೊಗೆ ಆಗ ಇದ್ದದ್ದು 2 ವರ್ಷ ಅಥವಾ 40,000 ಕಿಲೋಮೀಟರ್. ಯಂತ್ರ ಒಂದೇ, ಹೊಣೆ ಹೊರುವವರು ಬೇರೆ. ಬೇರೆ ಲೋಗೋ ಅಂಟಿಸಿಕೊಂಡ ಮಾತ್ರಕ್ಕೆ ಆ ಹೊಣೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ.

ಕಳಚುವವರು

ಹೆಸರು ತೆಗೆಸುವವರಲ್ಲಿ ಮೊದಲ ಗುಂಪಿನ ಕಾರಣ ತೀರಾ ಸರಳವಾದದ್ದು: ಸ್ವಚ್ಛತೆ. ಮೈಸೂರು ರಸ್ತೆಯ ಧೂಳು ಅಕ್ಷರಗಳ ಸಂದಿಯಲ್ಲಿ ಕೂತರೆ ಬಟ್ಟೆಗೆ ಸಿಗುವುದಿಲ್ಲ. ಶಾಂಪೂ, ಪಾಲಿಶ್ ಅಲ್ಲೇ ಬಿಳಿಯಾಗಿ ಒಣಗುತ್ತದೆ. ಬಿಸಿಲಿಗೆ ಕ್ರೋಮ್ ಸಿಪ್ಪೆ ಏಳುತ್ತದೆ. ಡೀಲರ್ ತನ್ನ ಹೆಸರಿನ ಸ್ಟಿಕರ್ ಬೇರೆ ಹಚ್ಚಿರುತ್ತಾನೆ. ಅದಕ್ಕೆ ದುಡ್ಡು ಕೊಡದೆಯೇ ಅವನ ಜಾಹೀರಾತನ್ನು ನಾವು ಹೊತ್ತು ತಿರುಗುತ್ತೇವೆ. ಇದನ್ನೆಲ್ಲ ತೆಗೆದರೆ ಗಾಡಿಯ ಮೈಕಟ್ಟು ಎದ್ದು ಕಾಣುತ್ತದೆ ಎನ್ನುವವರ ಮಾತಿನಲ್ಲಿ ನಿಜವಿದೆ.

ಎರಡನೆಯ ಗುಂಪಿನವರು ದರ್ಜೆಯನ್ನು ಮರೆಮಾಡುವವರು. ನಮ್ಮಲ್ಲಿ ಕಾರಿನ ಹಿಂಬದಿಯ ಎರಡು ಮೂರು ಅಕ್ಷರಗಳು ಮಾಲೀಕನ ಜೇಬನ್ನು ಬೀದಿಗೆ ತೆರೆದಿಡುತ್ತವೆ. ಎಲ್‌ಎಕ್ಸ್‌ಐ ಎಂದರೆ ಕಡಿಮೆ, ಝಡ್‌ಎಕ್ಸ್‌ಐ ಎಂದರೆ ಹೆಚ್ಚು ಎಂಬುದು ಕಾರಿಲ್ಲದವರಿಗೂ ಗೊತ್ತು. ‘ಯಾವ ಮಾಡೆಲ್ಲು, ಎಷ್ಟು ಬಿತ್ತು?’ ಎಂದು ಗೃಹಪ್ರವೇಶದ ಊಟದ ಸಾಲಿನಲ್ಲೂ ಕೇಳುವ ಸಮಾಜ ನಮ್ಮದು. ಸಾಲ ಮಾಡಿ ಬೇಸ್ ಮಾಡೆಲ್ ಕೊಂಡವನಿಗೆ ಆ ಅಕ್ಷರಗಳು ಮುಜುಗರ ತರುತ್ತವೆ. ದುಬಾರಿ ಮಾಡೆಲ್ ಕೊಂಡವನೂ ಕೆಲವೊಮ್ಮೆ ಅವನ್ನು ತೆಗೆಸುತ್ತಾನೆ. ನೆಂಟರ ಕಣ್ಣು, ಸಿಗ್ನಲ್ಲಿನಲ್ಲಿ ಪಕ್ಕದವರ ಪೈಪೋಟಿ, ಗ್ಯಾರೇಜಿನಲ್ಲಿ ಏರುವ ಬಿಲ್ಲು ಇವುಗಳಿಂದ ದೂರ ಇರಬೇಕೆಂಬ ಆಸೆ ಅವನದು. ಇಬ್ಬರೂ ಒಂದೇ ಕೆಲಸ ಮಾಡುತ್ತಾರೆ, ಕಾರಣ ಮಾತ್ರ ತದ್ವಿರುದ್ಧ.

ಸಿರಿವಂತ ದೇಶಗಳಲ್ಲಿ ಇದು ಹಳೆಯ ರೂಢಿ. ಬಿಎಂಡಬ್ಲ್ಯು ಕೊಳ್ಳುವವರು ಜರ್ಮನಿಯಲ್ಲಿ ಆರ್ಡರ್ ಹಾಕುವಾಗಲೇ ಮಾಡೆಲ್ ಸಂಖ್ಯೆ ಬೇಡ ಎಂದು ಹೇಳಬಹುದು. ಕಾರ್ಖಾನೆಯೇ ಅದನ್ನು ಹಚ್ಚದೆ ಕಳಿಸುತ್ತದೆ. ಹಣವಿರುವವನು ಹೆಸರನ್ನು ಏಕೆ ಮರೆಸುತ್ತಾನೆ ಎಂಬುದನ್ನು ಮಾರುಕಟ್ಟೆ ಅಧ್ಯಯನಕಾರರೂ ಪರಿಶೀಲಿಸಿದ್ದಾರೆ. ಯಂಗ್ ಜೀ ಹಾನ್, ಜೋಸೆಫ್ ನ್ಯೂನ್ಸ್, ಕ್ಸೇವಿಯರ್ ಡ್ರೇಜ್ 2010ರಲ್ಲಿ ಜರ್ನಲ್ ಆಫ್ ಮಾರ್ಕೆಟಿಂಗ್‌ನಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಹೆಸರುವಾಸಿ. ಗುಚ್ಚಿ, ಲೂಯಿ ವಿಟಾನ್ ಕೈಚೀಲಗಳಲ್ಲಿ ಬೆಲೆ ಏರಿದಷ್ಟೂ ಲೋಗೋ ಅಡಗುತ್ತ ಹೋಗುವುದನ್ನು ಅವರು ತೋರಿಸಿದರು. ತನ್ನ ಸಮಾನರಿಗೆ ಮಾತ್ರ ಗುರುತು ಸಿಕ್ಕರೆ ಸಾಕು ಎನ್ನುವವನಿಗೆ ದೊಡ್ಡ ಅಕ್ಷರ ಬೇಕಿಲ್ಲ. ಅಂತಸ್ತನ್ನು ಹೊಸದಾಗಿ ಏರುತ್ತಿರುವವನಿಗೆ ಅದು ಬೇಕು. ನಮ್ಮ ಬಡಾವಣೆಗಳಲ್ಲಿ ಕಾಣುವ ಬೋಳು ಡಿಕ್ಕಿ ಮತ್ತು ಹೊಳೆಯುವ ಟಾಪ್ ಎಂಡ್ ಅಕ್ಷರಗಳೆರಡಕ್ಕೂ ಈ ವಿವರಣೆ ಹೊಂದುತ್ತದೆ.

ಮೂರನೆಯ ಕಾರಣ, ಬಾಗಿಲು ಹಾಕಿದ ಕಂಪನಿ. ಜನರಲ್ ಮೋಟರ್ಸ್ 2017ರ ಕೊನೆಗೆ ಭಾರತದಲ್ಲಿ ಷೆವರ್ಲೆ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ಕೈಬಿಡುವುದಾಗಿ ಘೋಷಿಸಿತು. ಆ ಹೆಸರು ಕಂಡವರೆಲ್ಲ ‘ಪಾರ್ಟ್ಸ್ ಸಿಗುತ್ತಾ?’ ಎಂದು ಕೇಳತೊಡಗಿದಾಗ ಕೆಲವರು ಹೆಸರನ್ನೇ ತೆಗೆದರು. ಹಾಗೆಯೇ ಅದನ್ನು ಹೆಚ್ಚು ಮುತುವರ್ಜಿಯಿಂದ ಉಳಿಸಿಕೊಂಡವರೂ ಇದ್ದಾರೆ.

ಕಳ್ಳತನವೂ ಒಂದು ಕಾರಣ. 1987ರ ಹೊತ್ತಿಗೆ ಬೀಸ್ಟಿ ಬಾಯ್ಸ್ ತಂಡದ ಗಾಯಕನೊಬ್ಬ ಫೋಕ್ಸ್‌ವ್ಯಾಗನ್ ಲೋಗೋವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ. ಅವನ ಅಭಿಮಾನಿಗಳು ಬೀದಿಯಲ್ಲಿ ನಿಂತ ಕಾರುಗಳ ಲೋಗೋಗಳನ್ನೆಲ್ಲ ಕಿತ್ತರು. ರೋಲ್ಸ್ ರಾಯ್ಸ್ ಮೂತಿಯ ಮೇಲಿನ ಪ್ರತಿಮೆ ಈಗ ಯಾರಾದರೂ ಮುಟ್ಟಿದರೆ ಒಳಕ್ಕೆ ಇಳಿಯುತ್ತದೆ. ಬೀದಿಯಲ್ಲೇ ಗಾಡಿ ನಿಲ್ಲಿಸಬೇಕಾದ ಊರಿನಲ್ಲಿ ಕೀಳಲು ಸಿಗುವ ಯಾವುದೂ ಉಳಿಯುವುದಿಲ್ಲ ಎಂಬ ಎಚ್ಚರ ತಪ್ಪಲ್ಲ.

ಬದಲಿಸುವವರು

ಬದಲಿಸುವವರ ಲೆಕ್ಕಾಚಾರ ಬೇರೆ. ಕಿಯಾ ತನ್ನ ಲೋಗೋ ಬದಲಿಸಿದ್ದು 2021ರಲ್ಲಿ. ಅದರ ಸೆಲ್ಟೋಸ್ ಭಾರತಕ್ಕೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಎರಡೇ ವರ್ಷದಲ್ಲಿ ಹೊಸ ಕಾರುಗಳು ಹಳತಾಗಿ ಕಂಡವು. 2021ರ ಆಗಸ್ಟ್‌ನಲ್ಲೇ ಮಹೀಂದ್ರಾ ಎಕ್ಸ್‌ಯುವಿ700 ಜೊತೆಗೆ ಎಸ್‌ಯುವಿಗಳಿಗೆ ಅವಳಿ ಶಿಖರದ ಹೊಸ ಲಾಂಛನ ತಂದಿತು. ಹಳೆಯ ಸ್ಕಾರ್ಪಿಯೊ, ಥಾರ್, ಎಕ್ಸ್‌ಯುವಿ500 ಮಾಲೀಕರು ಜೆ.ಸಿ. ರಸ್ತೆಯ ಆ್ಯಕ್ಸೆಸರಿ ಅಂಗಡಿಗಳಿಂದಲೋ ಆನ್‌ಲೈನಿನಿಂದಲೋ ಅದನ್ನು ತರಿಸಿಕೊಂಡರು. ಗಾಡಿ ಅದೇ ಕಂಪನಿಯದು, ಲೋಗೋ ಕೂಡ ಅದೇ ಕಂಪನಿಯದು. ಹಳೆಯದನ್ನು ಹೊಸದಾಗಿ ಕಾಣುವ ಈ ಆಸೆಯಲ್ಲಿ ಯಾರಿಗೂ ಕೇಡಿಲ್ಲ.

ಬೇಸ್ ಮಾಡೆಲ್ಲಿಗೆ ಟಾಪ್ ಎಂಡ್ ಅಕ್ಷರ ಹಾಕುವುದು, ಫಾರ್ಚ್ಯೂನರ್‌ಗೆ ಲೆಕ್ಸಸ್ ಮುಖ ಜೋಡಿಸುವುದು, ಹೋಂಡಾಕ್ಕೆ ರೇಸಿಂಗ್ ಮಾಡೆಲ್ಲಿನ ಕೆಂಪು ಲೋಗೋ ಹಚ್ಚುವುದು ಇನ್ನೊಂದು ಬಗೆ. ಇದರಲ್ಲಿ ಬಹುಪಾಲು ಯುವಕರ ಕನಸು. ತಾನು ಕೊಳ್ಳಲಾಗದ ಕಾರನ್ನು ತನ್ನ ಕಾರಿನಲ್ಲೇ ಕಾಣುವ ಹಂಬಲವನ್ನು ಹೀಯಾಳಿಸುವುದು ಸರಿಯಲ್ಲ. ಆದರೆ ಗಾಡಿ ಮಾರುವ ದಿನ ಅದೇ ಅಕ್ಷರ ಮೋಸದ ಮಾಲಾಗಬಹುದು. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಕಂಪನಿಯ ಗುರುತಿಗಿಂತ ತನ್ನ ಗುರುತು ದೊಡ್ಡದು ಎನ್ನುವವರದು ಮತ್ತೊಂದು ಗುಂಪು. ಡಿಕ್ಕಿಯ ಮೇಲೆ ಕುಲದೇವರ ಹೆಸರು, ಮಕ್ಕಳ ಹೆಸರು, ಗಂಡಭೇರುಂಡದ ಬಿಲ್ಲೆ, ಹಳದಿ ಕೆಂಪು ಬಾವುಟ ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಎಲ್ಲೆಡೆ ಕಾಣುತ್ತವೆ. ಈ ಸಾಲಿನಲ್ಲಿ ಅತಿ ದೊಡ್ಡ ಉದಾಹರಣೆ ಕಾಸರಗೋಡಿನದು. ಕುಂಬಳೆಯ ಕಲಾವಿದ ಕರಣ್ ಆಚಾರ್ಯ 2015ರಲ್ಲಿ ಊರಿನ ಯುವಕರ ಬಾವುಟಕ್ಕಾಗಿ ಬರೆದ ಕೇಸರಿ ಕಪ್ಪು ಹನುಮಂತನ ಮುಖ ಬೆಂಗಳೂರಿನ ಕಾರುಗಳ ಹಿಂಗಾಜಿಗೆ ಏರಿತು, ಅಲ್ಲಿಂದ ದೇಶದ ತುಂಬ ಹರಡಿತು. 2018ರ ಮೇ ತಿಂಗಳಲ್ಲಿ ಪ್ರಧಾನಿ ಮಂಗಳೂರಿನ ಸಭೆಯಲ್ಲಿ ಅದನ್ನು ಹೊಗಳಿದರು. ವಿರೋಧಿಸಿ ಬರೆದವರೂ ಇದ್ದರು. ಕಾರ್ಖಾನೆ ಕೊಟ್ಟ ಹೆಸರಿಗಿಂತ ರೇಡಿಯಂ ಅಂಗಡಿಯ ಒಂದು ಚಿತ್ರ ಮಾಲೀಕನ ಬಗ್ಗೆ ಹೆಚ್ಚು ಹೇಳಿತು. ಇಲ್ಲಿ ಕಾರು ಒಂದು ಸಾರ್ವಜನಿಕ ಗೋಡೆಯಾಯಿತು.

ಗುರುತೇ ಅಪಾಯವಾದಾಗ

ಗುರುತು ತೋರಿಸುವ ವಾಹನ ಗಲಭೆಯ ದಿನ ಮೊದಲ ಗುರಿಯಾಗುತ್ತದೆ. ಇದನ್ನು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ದೀಪಾಂಜಲಿ ನಗರಕ್ಕೆ ಹತ್ತಿರದ ಡಿಸೋಜಾ ನಗರದ ಡಿಪೊದಲ್ಲಿ ನಿಂತಿದ್ದ ಕೆಪಿಎನ್ ಟ್ರಾವೆಲ್ಸ್‌ನ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಆ ಬಸ್ಸುಗಳು ಮಾಡಿದ ತಪ್ಪು ತಮಿಳುನಾಡಿನ ಹೆಸರು ಹೊತ್ತದ್ದು ಮಾತ್ರ. ತಮಿಳುನಾಡು ನೋಂದಣಿಯ ಕಾರು ಇಟ್ಟುಕೊಂಡಿದ್ದ ಎಷ್ಟೋ ಮಂದಿ ಆ ದಿನಗಳಲ್ಲಿ ನಂಬರ್ ಪ್ಲೇಟನ್ನೇ ಮುಚ್ಚಬೇಕಾಯಿತು. ಅವರ ಭಯ ನಿಜವಾಗಿತ್ತು. ನಮ್ಮ ಊರಿಗೆ ಅದು ಗೌರವ ತರುವ ನೆನಪಲ್ಲ.

ಹೊರಗಿನ ಲೋಕದಲ್ಲೂ ಇದೇ ಕಥೆ. 2012ರ ಸೆಪ್ಟೆಂಬರ್‌ನಲ್ಲಿ ದ್ವೀಪಗಳ ವಿವಾದಕ್ಕೆ ಚೀನಾದಲ್ಲಿ ಜಪಾನ್ ವಿರೋಧಿ ಪ್ರತಿಭಟನೆ ಭುಗಿಲೆದ್ದಾಗ ಜಪಾನಿ ಕಾರುಗಳ ಚೀನೀ ಮಾಲೀಕರು ಲೋಗೋಗಳ ಮೇಲೆ ಬಾವುಟದ ಸ್ಟಿಕರ್ ಹಚ್ಚಿದರು. ಶಿಯಾನ್ ನಗರದಲ್ಲಿ ಟೊಯೋಟಾ ಓಡಿಸುತ್ತಿದ್ದ ಚೀನೀ ಪ್ರಜೆಯೊಬ್ಬರ ತಲೆಬುರುಡೆಗೇ ಪೆಟ್ಟು ಬಿತ್ತು. 2025ರಲ್ಲಿ ಅಮೆರಿಕ, ಯುರೋಪಿನಲ್ಲಿ ಈಲಾನ್ ಮಸ್ಕ್ ಅವರ ರಾಜಕೀಯಕ್ಕೆ ಸಿಟ್ಟಾದವರು ಟೆಸ್ಲಾ ಕಾರುಗಳ ಮೇಲೆ ಕೈಮಾಡಿದರು. ಮಾಲೀಕರಲ್ಲಿ ಕೆಲವರು ಟೆಸ್ಲಾ ಲೋಗೋ ತೆಗೆದು ಟೊಯೋಟಾ, ಹೋಂಡಾ, ಔಡಿ ಲೋಗೋ ಹಚ್ಚಿಕೊಂಡರು. ಕೆಲವರು ಹೆದರಿ ಹಾಗೆ ಮಾಡಿದರೆ ಕೆಲವರು ತಮ್ಮ ಅಸಮ್ಮತಿ ತೋರಿಸಲು ಮಾಡಿದರು. ಕಂಪನಿಯ ಮುಖ್ಯಸ್ಥನೊಬ್ಬನ ಮಾತಿಗೆ ಸಾವಿರಾರು ಗ್ರಾಹಕರು ಬೀದಿಯಲ್ಲಿ ಉತ್ತರ ಕೊಡಬೇಕಾಗಿ ಬಂದದ್ದು ಈ ಕಾಲದ ಹೊಸ ಪಾಠ.

ಕೈಕೆಲಸದ ಮಾತು

ಹಿಂದೆ ಲೋಗೋಗಳು ಲೋಹದವು. ಹಿಂಬದಿಯ ಪಿನ್ನುಗಳನ್ನು ಬಾಡಿಯ ರಂಧ್ರಕ್ಕೆ ಸಿಕ್ಕಿಸುತ್ತಿದ್ದರು. ಕಿತ್ತರೆ ತೂತು ಉಳಿದು ನೀರು ಇಳಿದು ತುಕ್ಕು ಹಿಡಿಯುತ್ತಿತ್ತು. ಟಿಂಕರಿಂಗ್, ಪುಟ್ಟಿ, ಪೇಂಟಿಂಗ್ ತಪ್ಪುತ್ತಿರಲಿಲ್ಲ. ಈಗ ಬಹುತೇಕ ಮೊನೊಗ್ರಾಮ್‌ಗಳು ಕ್ರೋಮ್ ಲೇಪದ ಪ್ಲಾಸ್ಟಿಕ್ಕಿನವು, ಎರಡು ಬದಿ ಅಂಟಿರುವ ಟೇಪಿನಿಂದ ಕೂತಿರುತ್ತವೆ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ, ಗಟ್ಟಿ ನೈಲಾನ್ ದಾರವನ್ನು ಅಕ್ಷರದ ಹಿಂದೆ ಗರಗಸದಂತೆ ಎಳೆದರೆ ಬಣ್ಣಕ್ಕೆ ಗಾಯವಾಗದೆ ಬಿಡಿಸಿಕೊಳ್ಳುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಬಣ್ಣ ಎದ್ದೇಳುತ್ತದೆ. ಉಳಿದ ಅಂಟನ್ನು ಅದಕ್ಕೆಂದೇ ಇರುವ ದ್ರಾವಣದಿಂದ ಒರೆಸಿ, ರಬ್ಬಿಂಗ್ ಮಾಡಿ ಪಾಲಿಶ್ ಹಚ್ಚಬೇಕು. ಹಳೆಯ ಗಾಡಿಯಲ್ಲಿ ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುವುದರಿಂದ ತೆಗೆದ ಹೆಸರಿನ ಅಚ್ಚು ಅಲ್ಲಿಯೇ ಕಾಣುತ್ತ ಉಳಿಯಬಹುದು.

ಎರಡು ಎಚ್ಚರಿಕೆ ಮುಖ್ಯ. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರುಗಳಲ್ಲಿ ಹಿಂದಿನ ಲೋಗೋವೇ ಡಿಕ್ಕಿ ತೆರೆಯುವ ಹಿಡಿ. ಇನ್ನು, ತಾನಾಗಿ ಬ್ರೇಕ್ ಹಾಕುವ, ಮುಂದಿನ ವಾಹನದಿಂದ ಅಂತರ ಕಾಯುವ ಸೌಲಭ್ಯವಿರುವ ಹಲವು ಹೊಸ ಕಾರುಗಳಲ್ಲಿ ರೇಡಾರ್ ಇರುವುದು ಮುಂದಿನ ಲೋಗೋದ ಹಿಂದೆಯೇ. ಅಲೆಗಳು ಹಾಯುವಂತೆ ಆ ಲೋಗೋವನ್ನು ವಿಶೇಷವಾಗಿ ತಯಾರಿಸಿರುತ್ತಾರೆ. ಅಲ್ಲಿ ಲೋಹದ ಬಿಲ್ಲೆ ಅಥವಾ ದಪ್ಪ ಬಣ್ಣ ಕೂತರೆ ಕಾರು ಕುರುಡಾಗುತ್ತದೆ. ಅಂಥ ಗಾಡಿಯ ಮೂತಿಯನ್ನು ಮುಟ್ಟಲೇಬಾರದು.

ಕಾನೂನಿನ ಗೆರೆ

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಗೊತ್ತುಮಾಡಿತು. ಆರ್‌ಸಿಯಲ್ಲಿ ತಯಾರಕ, ಮಾಡೆಲ್, ಬಣ್ಣ, ಎಂಜಿನ್, ಛಾಸಿ ಸಂಖ್ಯೆ ಇರುತ್ತವೆ. ಡಿಕ್ಕಿಯ ಮೇಲೆ ಅಕ್ಷರವಿದೆಯೋ ಇಲ್ಲವೋ ಎಂಬುದು ಅಲ್ಲಿ ದಾಖಲಾಗುವುದಿಲ್ಲ. ಹಾಗಾಗಿ ಲೋಗೋ ತೆಗೆಯುವುದರಿಂದ ಆ ವಿವರಗಳು ಬದಲಾಗುವುದಿಲ್ಲ. ನಂಬರ್ ಪ್ಲೇಟಿನ ವಿಷಯ ಬೇರೆ: ಅದನ್ನು ಮುಚ್ಚುವುದು, ಅದರ ಮೇಲೆ ಸಂಘದ ಹೆಸರು ಬರೆಸುವುದು ಎರಡೂ ತಪ್ಪು. ನಾಲ್ಕು ಸಿಂಹದ ರಾಷ್ಟ್ರಲಾಂಛನವನ್ನು ಅಧಿಕಾರವಿಲ್ಲದೆ ಕಾರಿಗೆ ಹಚ್ಚಿದರೆ 2005ರ ಕಾಯ್ದೆಯಡಿ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು.

ನಕಲಿ ಲೋಗೋ ತಯಾರಿಸಿ ಮಾರುವವರಿಗೆ ಟ್ರೇಡ್ ಮಾರ್ಕ್ಸ್ ಕಾಯ್ದೆ 1999 ಆರು ತಿಂಗಳಿಂದ ಮೂರು ವರ್ಷ ಜೈಲು ಮತ್ತು 50,000ದಿಂದ 2 ಲಕ್ಷ ರೂಪಾಯಿ ದಂಡ ಹೇಳುತ್ತದೆ. ಸುಳ್ಳು ಅಕ್ಷರ ತೋರಿಸಿ ಬೇಸ್ ಮಾಡೆಲ್ಲನ್ನು ಟಾಪ್ ಎಂಡ್ ಎಂದು ಮಾರಿದರೆ ಅದು ಸರಕಿನ ವಿವರವನ್ನೇ ತಪ್ಪಾಗಿ ಹೇಳಿದಂತೆ. 1930ರ ಸರಕು ಮಾರಾಟ ಕಾಯ್ದೆ, ಹೇಳಿದ ವಿವರಕ್ಕೆ ಸರಕು ಹೊಂದಲೇಬೇಕು ಎನ್ನುತ್ತದೆ. ಈ ಮೋಸಕ್ಕೆ ಬಲಿಯಾಗುವವರು ಸಾಮಾನ್ಯವಾಗಿ ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಕುಟುಂಬಗಳು. ಟಾಪ್ ಎಂಡ್ ಎಂದರೆ ಹೆಚ್ಚಿನ ಏರ್‌ಬ್ಯಾಗ್ ಇದ್ದೀತು ಎಂದು ನಂಬಿ ಅವರು ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತಾರೆ. ಇಲ್ಲದ ಏರ್‌ಬ್ಯಾಗನ್ನು ಯಾವ ಅಕ್ಷರವೂ ಒದಗಿಸಲಾರದು. ಅಪಘಾತದ ನಂತರ ವಿಮೆಯವರು ನೋಡುವುದೂ ಆರ್‌ಸಿ ಮತ್ತು ಪಾಲಿಸಿಯಲ್ಲಿರುವ ಮಾಡೆಲ್ಲನ್ನೇ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ತೀರ್ಪು ಸ್ಪಷ್ಟವಾಗಿದೆ. ಕಾರಿನ ಹೆಸರನ್ನು ಕಳಚುವುದು ಮಾಲೀಕನ ಹಕ್ಕು. ತಯಾರಕರೇ ಒಂದೇ ಕಾರಿಗೆ ಎರಡು ಹೆಸರಿಟ್ಟು ಮಾರುವ ಕಾಲದಲ್ಲಿ ಅವನನ್ನು ಆಕ್ಷೇಪಿಸುವ ನೈತಿಕ ಬಲ ಯಾರಿಗೂ ಇಲ್ಲ. ತನ್ನ ಸಂತೋಷಕ್ಕೆ ಬೇರೆ ಹೆಸರು ಹಚ್ಚಿಕೊಂಡವನನ್ನೂ ಅಣಕಿಸಬೇಕಿಲ್ಲ. ಆದರೆ ಆ ಹೆಸರು ಇನ್ನೊಬ್ಬರ ಹಣವನ್ನೋ ಪ್ರಾಣವನ್ನೋ ಪಣಕ್ಕೊಡ್ಡುವ ಕ್ಷಣದಿಂದ ಅದು ವಂಚನೆ. ಹಾಗಾಗಿ ಲೋಗೋ ತೆಗೆಸುವವರು ಅದನ್ನು ಎಸೆಯದೆ ಜೋಪಾನ ಮಾಡಿ, ಗಾಡಿ ಮಾರುವ ದಿನ ಮೂಲ ಅಕ್ಷರಗಳನ್ನು ಮರಳಿ ಹಚ್ಚಿ ಕೊಡಿ. ಕೊಳ್ಳುವವರು ಡಿಕ್ಕಿಯನ್ನು ನಂಬದೆ ಆರ್‌ಸಿ ಓದಿ, ಛಾಸಿ ಸಂಖ್ಯೆಯನ್ನು ಗಾಡಿಯ ಮೇಲಿನದರೊಂದಿಗೆ ಹೋಲಿಸಿ, ಆ ಸಂಖ್ಯೆ ಕೊಟ್ಟು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಮಾಡೆಲ್ ಯಾವುದೆಂದು ಕೇಳಿ. ಏರ್‌ಬ್ಯಾಗ್ ಎಷ್ಟಿವೆ ಎಂಬುದನ್ನು ಖುದ್ದಾಗಿ ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕೊಡಿ.